ಲಿಗಮೆಂಟ್ ಆಪರೇಷನ್ ಇದೆಯಾ? ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ ಇದು

ನಮ್ಮ ಅಕ್ಕನ ಮಗನ ಆಪರೇಷನ್ ಮುಂದಕ್ಕೆ ಹೋಗಿದ್ದು ಅರ್ಧ ಲೋಟ ಚಹಾದಿಂದ. ಕುರುಗೋಡಿನಲ್ಲಿ ಕಬಡ್ಡಿ ಆಡುವಾಗ ಮೊಣಕಾಲು ತಿರುಚಿ ಟಪ್ ಅಂತ ಸದ್ದು ಬಂದಿತ್ತು, ಸಂಜೆಯೊಳಗೆ ಊದಿಕೊಂಡಿತ್ತು, ಬಳ್ಳಾರಿಯಲ್ಲಿ ಎಂಆರ್‌ಐ ಮಾಡಿಸಿದರೆ ಎಸಿಎಲ್ ಹರಿದಿದೆ ಅಂದರು. ಆಪರೇಷನ್ ದಿನ ಬೆಳಗ್ಗೆ ಅಕ್ಕನಿಗೆ ಕರುಳು ಚುರುಕ್ ಅಂತು. ‘ಹುಡುಗ ಬರೀ ಹೊಟ್ಟೆಲಿ ಹೆಂಗಿರ್ತಾನ’ ಅಂತ ಫ್ಲಾಸ್ಕ್ ತೆಗೆದಳು. ಅರಿವಳಿಕೆ ಡಾಕ್ಟರ್ ಬಂದು ಕೇಳಿದಾಗ ಇವನು ನಿಜ ಹೇಳಿದ, ಸದ್ಯ. ಅವತ್ತಿನ ಪಟ್ಟಿಯಿಂದ ಹೆಸರು ಹೋಯಿತು.

ಎಸಿಎಲ್ ಅಂದರೆ ಮೊಣಕಾಲಿನೊಳಗೆ ತೊಡೆಯ ಎಲುಬನ್ನೂ ಕೆಳಗಿನ ಎಲುಬನ್ನೂ ಹಿಡಿದಿಡುವ ಹಗ್ಗ. ಅದು ಪೂರ್ತಿ ಹರಿದರೆ ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಿಮ್ಮದೇ ತೊಡೆಯ ಹಿಂದಿನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ನಾರು ತೆಗೆದು, ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ, ಎಲುಬು ಕೊರೆದು ಹೊಸ ಹಗ್ಗ ಕೂರಿಸುತ್ತಾರೆ. ಅಂದಹಾಗೆ ಎಲ್ಲರಿಗೂ ಆಪರೇಷನ್ ಬೇಕೇ ಬೇಕು ಅಂತಿಲ್ಲ. ಆಟ ಆಡದವರು, ನಡೆಯುವಾಗ ಮೊಣಕಾಲು ಕುಸಿಯದವರು ಬರೀ ವ್ಯಾಯಾಮದಲ್ಲೇ ಸುಧಾರಿಸಬಹುದು. ‘ನನಗೆ ಯಾಕೆ ಬೇಕು’ ಅಂತ ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

ಮೊದಲು ಕಾಲು ನೆಟ್ಟಗಾಗಲಿ

ಇದೇ ದೊಡ್ಡ ಕೆಲಸ, ಜಾಸ್ತಿ ಜನ ಬಿಡುವುದೂ ಇದನ್ನೇ. ಊದಿಕೊಂಡ, ಬಿಗಿಯಾದ ಮೊಣಕಾಲಿಗೆ ಆಪರೇಷನ್ ಮಾಡಿದರೆ ಆಮೇಲೂ ಅದು ಬಿಗಿಯಾಗೇ ಉಳಿಯುವ ಸಾಧ್ಯತೆ ಹೆಚ್ಚು. ಅದಕ್ಕೇ ಸಾಮಾನ್ಯವಾಗಿ ಕೆಲವು ವಾರ ಕಾಯಿಸುತ್ತಾರೆ. ಒಳಗೆ ಏನೋ ಸಿಕ್ಕಿಕೊಂಡು ಕಾಲು ಲಾಕ್ ಆಗಿದ್ದರೆ ಮಾತ್ರ ಕಾಯುವ ಮಾತಿಲ್ಲ, ಬೇಗ ತೋರಿಸಿ.

ಚಾಪೆ ಮೇಲೆ ಕಾಲು ಚಾಚಿ ಕೂತು ಮೊಣಕಾಲಿನ ಹಿಂದೆ ಕೈ ತೂರಿಸಿ ನೋಡಿ. ಇನ್ನೊಂದು ಕಾಲಿಗಿಂತ ಜಾಗ ಜಾಸ್ತಿ ಇದೆಯಾ? ಹಾಗಾದರೆ ನೆಟ್ಟಗಾಗಿಲ್ಲ. ಒಂದು ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ, ಮೊಣಕಾಲನ್ನು ನೆಲದ ಕಡೆ ಒತ್ತಿ, ತೊಡೆ ಬಿಗಿ ಮಾಡಿ, 5 ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ದಿಂಬನ್ನು ಮೊಣಕಾಲಿನ ಕೆಳಗೇ ಇಟ್ಟು ಮಲಗಬೇಡಿ. ಹಾಯಾಗಿರುತ್ತೆ ನಿಜ, ಆದರೆ ಕಾಲು ಮಡಚಿದಂತೆಯೇ ಉಳಿಯುತ್ತೆ. ಊತಕ್ಕೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಎಣ್ಣೆ ಹಚ್ಚಿ ಎಳೆಸುವುದು, ಬಿಗಿಯಾಗಿ ಕಟ್ಟಿಸುವುದು ಬೇಡ. ಊರಲ್ಲಿ ಹೇಳುವವರು ಹತ್ತು ಜನ ಇರ್ತಾರೆ, ಇರಲಿ ಬಿಡಿ.

ಮನೆ ಮತ್ತು ಊರುಗೋಲು

ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆಯಾದರೆ ಈಗಲೇ ಕಮೋಡ್ ಕುರ್ಚಿ ತನ್ನಿ, ಬಾಡಿಗೆಗೆ ಸಿಕ್ಕರೂ ಸಾಕು. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಮಾಳಿಗೆ ಮೇಲೆ ಮಲಗುವವರು ಮಂಚವನ್ನು ಕೆಳಗೆ ಇಳಿಸಿ. ಊರುಗೋಲು ಆಪರೇಷನ್‌ಗೆ ಮುಂಚೆಯೇ ತಂದು ನಡೆದು ರೂಢಿ ಮಾಡಿಕೊಳ್ಳಿ. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಊರುಗೋಲಿನ ಜೊತೆ ನೋವಿನ ಕಾಲು ಮೊದಲು.

ಮುಚ್ಚಿಡಬೇಡಿ

ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ನಾಟಿ ಔಷಧಿ, ಅಲರ್ಜಿ, ಬೀಡಿ, ಗುಟ್ಕಾ, ಎಲ್ಲವನ್ನೂ ಹೇಳಿ. ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಬೇಕು, ನೀವೇ ನಿಲ್ಲಿಸಬೇಡಿ. ಬೀಡಿ ಸಿಗರೇಟು ಬಿಟ್ಟರೆ ಗಾಯ ಬೇಗ ಮಾಯುತ್ತೆ. ಕಾಲಲ್ಲಿ ಕುರು, ಗೀರು ಇದ್ದರೂ ತೋರಿಸಿ, ಸೋಂಕು ಒಳಗೆ ಹೋದರೆ ಕಷ್ಟ. ಮನೆಯಲ್ಲಿ ಬ್ಲೇಡಿಂದ ಕೂದಲು ತೆಗೆಯಬೇಡಿ. ಆಯುಷ್ಮಾನ್ ಕಾರ್ಡ್ ಇದ್ದರೆ ಅದರಲ್ಲಿ ಏನೇನು ಬರುತ್ತೆ ಅಂತ ಅಡ್ಮಿಟ್ ಆಗುವ ಮುಂಚೆಯೇ ಕೇಳಿಕೊಳ್ಳಿ.

ಹಿಂದಿನ ರಾತ್ರಿ, ಮತ್ತೆ ಆ ಚಹಾ

ಸಾಮಾನ್ಯವಾಗಿ ಊಟ ನಿಂತು ಕನಿಷ್ಠ 6 ಗಂಟೆ ಆಗಿರಬೇಕು, ಬರೀ ನೀರಾದರೆ 2 ಗಂಟೆ. ನಿಮ್ಮ ಡಾಕ್ಟರ್ ಬೇರೆ ಹೊತ್ತು ಹೇಳಿದರೆ ಅದೇ ಲೆಕ್ಕ. ಹಾಲು ಬಿದ್ದ ಚಹಾ ನೀರಲ್ಲ, ಅದು ಊಟದ ಲೆಕ್ಕ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ಗೂ ಇದೇ ನಿಯಮ, ಯಾಕೆಂದರೆ ಮಧ್ಯದಲ್ಲಿ ಪೂರ್ತಿ ಮಂಪರು ಕೊಡಬೇಕಾಗಿ ಬರಬಹುದು. ಬಳ್ಳಾರಿ ಬಿಸಿಲಲ್ಲಿ ಬಾಯಿ ಒಣಗುತ್ತೆ, ಅದಕ್ಕೇ ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೊತೆಗಿರುವವರ ಕೈಗೆ ಕೊಡಿ. ರೋಗಿಗಿಂತ ಅವರಿಗೇ ಅದು ಬೇಕು. ಉಗ್ಗಾಣಿ ಮಿರ್ಚಿ ಪೊಟ್ಟಣವನ್ನು ವಾರ್ಡಿನ ಹೊರಗೇ ತಿಂದು ಬರಲಿ. ಉಗುರುಬಣ್ಣ ತೆಗೆಯಿರಿ, ಬಂಗಾರ ಮನೆಯಲ್ಲಿಡಿ.

ಡಿಸ್ಚಾರ್ಜ್ ದಿನಕ್ಕೆ ಕಾರು ಹೇಳಿಟ್ಟಿರಿ, ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂರಬಹುದು. ಬಸ್ಸಲ್ಲಿ ಸಿರುಗುಪ್ಪದವರೆಗೆ ಕಾಲು ಮಡಚಿ ಹೋಗೋದು ಆಗದ ಮಾತು. ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಹೊರಡುವ ಮುಂಚೆ ಕೇಳಿಕೊಳ್ಳಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಕಬಡ್ಡಿ ಅಂಕಣಕ್ಕೆ ಇಳಿಯಲು ಸುಮಾರು 9 ತಿಂಗಳಾದರೂ ಬೇಕು, ಅದೂ ಫಿಜಿಯೋ ಪರೀಕ್ಷೆ ಮಾಡಿ ಹೂಂ ಅಂದ ಮೇಲೆ. ನಮ್ಮ ಹುಡುಗ ನಾಲ್ಕನೇ ತಿಂಗಳಿಗೇ ‘ಸುಮ್ನೆ ನಿಂತು ನೋಡ್ತೀನಿ ಮಾವ’ ಅಂತ ಹೋಗಿದ್ದ, ಚಡ್ಡಿ ಹಾಕಿಕೊಂಡೇ.