82 ಪರ್ಸೆಂಟಿಗೂ ಸರ್ಕಾರಿ ಸೀಟು: ಆಪ್ಷನ್ ಪಟ್ಟಿ ಮಾಡುವ ನನ್ನ ಕ್ರಮ

ಪಿಯು ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶೇ. 90 ದಾಟದವರಿಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸಿಗುವುದಿಲ್ಲ ಎಂಬ ಮಾತು ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಈಗಲೂ ಓಡಾಡುತ್ತಿದೆ. ನನ್ನ ಪಟ್ಟಿ ನೋಡಿ ತಲೆ ಅಲ್ಲಾಡಿಸಿದ ಮೇಷ್ಟ್ರುಗಳೂ ಇದ್ದರು. ಕಳೆದ ಎರಡು ವರ್ಷ ಈ ಕ್ರಮದಲ್ಲಿ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಸೀಟಿಗೆ ಆಪ್ಷನ್, ಅಂದರೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳ ಪಟ್ಟಿ ಹಾಕಿದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರಿ ಸೀಟು ಹಿಡಿದಿದ್ದಾರೆ. ಹೆಚ್ಚಿನವರ ಅಂಕ 75ರಿಂದ 85ರ ನಡುವೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾಕ್ ಎಂದರೆ ನಿಜವಾದ ಹಂಚಿಕೆಗೆ ಮೊದಲಿನ ಅಣಕು ಹಂಚಿಕೆ, ಕಟಾಫ್ ಎಂದರೆ ಹಿಂದಿನ ವರ್ಷ ಆ ಸೀಟು ಸಿಕ್ಕ ಕೊನೆಯ ರ‍್ಯಾಂಕ್. ಇನ್ನು ನೇರ ಲೆಕ್ಕಕ್ಕೆ ಬರೋಣ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಪಿಸಿಎಂನಲ್ಲಿ 300ಕ್ಕೆ 246 ಬಂದರೆ 41. ಸಿಇಟಿಯಲ್ಲಿ 180ಕ್ಕೆ 72 ಬಂದರೆ 20. ಒಟ್ಟು 61. ಇಲ್ಲಿ ಸಿಇಟಿಯ 9 ಅಂಕ ಎಂದರೆ ಎರಡೂವರೆ. ಅಷ್ಟನ್ನೇ ಪಿಯುನಲ್ಲಿ ಗಳಿಸಲು 15 ಅಂಕ ಬೇಕು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಆದ್ದರಿಂದ ಪಿಯು ಪರ್ಸೆಂಟೇಜ್ ಒಂದನ್ನೇ ನೋಡಿ 'ನಿನಗೆ ಇಂಥ ಕಾಲೇಜು' ಎಂದು ಹೇಳುವುದು ದೊಡ್ಡ ತಪ್ಪು. ಪಿಯು ಅಂಕದಿಂದಲೇ ರ‍್ಯಾಂಕ್ ಊಹಿಸುವ ಎಕ್ಸೆಲ್ ಹಾಳೆಯೊಂದನ್ನು ಮಾಡಿ ನೋಡಿದೆ, ಕೈಕೊಟ್ಟಿತು. 2021ರಲ್ಲಿ ಪಿಯು ಪರೀಕ್ಷೆಯೇ ನಡೆಯದೆ ಬರೀ ಸಿಇಟಿ ಮೇಲೆ ರ‍್ಯಾಂಕ್ ಬಂತು. 2024ರಲ್ಲಿ ಜೀವಶಾಸ್ತ್ರವೂ ಸೇರಿ ನಾಲ್ಕು ವಿಷಯಗಳಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆ ಕೈಬಿಟ್ಟಿದ್ದರಿಂದ ಒಂದು ಅಂಕದ ಬೆಲೆಯೇ ಬದಲಾಯಿತು. ವರ್ಷದಿಂದ ವರ್ಷಕ್ಕೆ ಅಂಕಕ್ಕೆ ಅಂಕ ಹೋಲಿಸಲು ಆಗುವುದಿಲ್ಲ, ರ‍್ಯಾಂಕಿಗೆ ರ‍್ಯಾಂಕನ್ನೇ ಹೋಲಿಸಬೇಕು.

ನಾನು ಮೊದಲು ಎಡವಿದ್ದು ಕಟಾಫ್ ಪಟ್ಟಿಯ ಕಾಲಂನಲ್ಲಿ. ಎಲ್ಲರಿಗೂ ಜಿಎಂ, ಅಂದರೆ ಮೀಸಲಾತಿಯಿಲ್ಲದ ಸಾಮಾನ್ಯ ಕಾಲಂ ನೋಡುತ್ತಿದ್ದೆ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ 2ಎ ಹಿಂದುಳಿದ ವರ್ಗದ ಹುಡುಗಿಗೆ ಆರು ಕಾಲಂ ತೆರೆದಿರುತ್ತವೆ: ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್. ಕೊನೆಯ ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ, 2ಎಜಿಯ ಜಿ ಎಂದರೆ ಆ ವರ್ಗದ ಸಾಮಾನ್ಯ ಸೀಟು. ಆರರಲ್ಲಿ ಯಾವುದು ಅತಿ ದೂರದ ರ‍್ಯಾಂಕಿನವರೆಗೆ ಹೋಗಿದೆಯೋ ಅದೇ ಅವಳ ಕಟಾಫ್. ಹಾಗೆಂದು ಗ್ರಾಮೀಣ ಕಾಲಂ ಒಂದನ್ನೇ ಕಣ್ಣು ಮುಚ್ಚಿ ನಂಬಬಾರದು. ಒಂದು ಬ್ರಾಂಚಿನಲ್ಲಿ 60 ಸೀಟಿದ್ದರೆ 2ಎಗೆ ಶೇ. 15 ಎಂದರೆ 9, ಅದರಲ್ಲಿ ಗ್ರಾಮೀಣ ಶೇ. 15 ಎಂದರೆ ಒಂದು ಚಿಲ್ಲರೆ, ಕನ್ನಡ ಮಾಧ್ಯಮದ ಶೇ. 5 ಎಂದರೆ ಅರ್ಧ ಸೀಟೂ ಆಗುವುದಿಲ್ಲ. ಒಬ್ಬನೇ ಹುಡುಗ ಬೇರೆ ಕಾಲೇಜಿಗೆ ಹೋದರೂ ಆ ಕಾಲಂ ಸಾವಿರಾರು ರ‍್ಯಾಂಕ್ ಜಿಗಿಯುತ್ತದೆ. ಕೆಲವು ಬ್ರಾಂಚಿನಲ್ಲಿ ಕಾಲಂ ಖಾಲಿಯೇ ಇರುವುದು ಇದೇ ಕಾರಣಕ್ಕೆ.

ಅದಕ್ಕೆ ಮೂರು ವರ್ಷದ ಕಟಾಫ್ ಇಟ್ಟುಕೊಳ್ಳುತ್ತೇನೆ, ಅದೂ ಕೊನೆಯ ಸುತ್ತಿನದು. ಮೊದಲ ಸುತ್ತಿನ ಕಟಾಫ್ ನೋಡಿದವರು ಸುಮ್ಮನೆ ಹೆದರುತ್ತಾರೆ. ನೀಟ್, ಜೆಇಇ ಕಡೆ ಹೋಗುವವರು ಬಿಟ್ಟ ಸೀಟು ಕೆಳಕ್ಕೆ ಇಳಿಯುವುದು ಆಮೇಲೆ. ಒಂದು ಬ್ರಾಂಚಿನ ಕೊನೆಯ ರ‍್ಯಾಂಕ್ ಮೂರು ವರ್ಷದಲ್ಲಿ 38, 44, 52 ಸಾವಿರ ಎನ್ನಿ. ರ‍್ಯಾಂಕ್ 38 ಸಾವಿರದ ಒಳಗಿದ್ದರೆ 'ಖಾತ್ರಿ' ಎಂದು ಗುರುತಿಡುತ್ತೇನೆ. 38ರಿಂದ 52ರ ಮಧ್ಯೆ ಇದ್ದರೆ 'ಆಗಬಹುದು', ಅದರಾಚೆಗೆ ಆರೇಳು ಸಾವಿರದವರೆಗೆ 'ಆಸೆ'. ಮೂರೂ ಗುರುತಿನವು ಪಟ್ಟಿಯಲ್ಲಿ ಇರಲೇಬೇಕು. ಖಾತ್ರಿಯದು ಕನಿಷ್ಠ ಎಂಟು.

ನಮ್ಮ ಕಡೆಯವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರುವುದು ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, ಹಾಸನ ಮತ್ತು ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಕಾರವಾರ, ಕುಶಾಲನಗರ. ಕಂಪ್ಯೂಟರ್ ಸೈನ್ಸಿಗೇ ಜೋತುಬಿದ್ದರೆ ಪಟ್ಟಿ ಮೂರೇ ಸಾಲಿಗೆ ಮುಗಿಯುತ್ತದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಸೇರಿಸಿದ ಕೂಡಲೇ ಅದೇ ರ‍್ಯಾಂಕಿಗೆ ಬಾಗಿಲು ತೆರೆಯುತ್ತದೆ.

ಇನ್ನು ಕ್ರಮ. ಜನ ನಂಬದೇ ಇದ್ದದ್ದು ಇಲ್ಲೇ. ಸಿಗುವ ಸಾಧ್ಯತೆ ನೋಡಿ ಕ್ರಮ ಹಾಕಬಾರದು, ಇಷ್ಟ ನೋಡಿ ಹಾಕಬೇಕು. ಕಂಪ್ಯೂಟರು ನಿಮ್ಮ ಸರದಿ ಬಂದಾಗ ಒಂದನೇ ಆಪ್ಷನ್‌ನಿಂದ ನೋಡುತ್ತಾ ಹೋಗುತ್ತದೆ. ಸಿಗದ ಹತ್ತು ಆಪ್ಷನ್ ಮೇಲಿಟ್ಟರೂ ಹನ್ನೊಂದನೆಯದು ಕೈ ತಪ್ಪುವುದಿಲ್ಲ. ಆದರೆ ಖಾತ್ರಿಯದನ್ನು ಮೇಲಿಟ್ಟರೆ ಅದೇ ಬಂದು ಕೂರುತ್ತದೆ, ಕೆಳಗಿನ ಒಳ್ಳೆಯದು ಸತ್ತ ಹಾಗೆ. ಮೊದಲ ವರ್ಷ ಹೀಗೆ 'ಸೇಫ್' ಮಾಡಲು ಹೋಗಿ ಯುಬಿಡಿಟಿ ಸಿಗಬಹುದಾಗಿದ್ದ ಒಬ್ಬನಿಗೆ ದೂರದ ಕಾಲೇಜು ಕಟ್ಟಿಕೊಟ್ಟೆ. ಆ ತಪ್ಪು ನನ್ನದೇ.

ಮೊದಲ ಸುತ್ತಿನ ನಂತರ, ಸಿಕ್ಕ ಸೀಟನ್ನು ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ ಎಂದು ತಿಳಿಸುವ ಚಾಯ್ಸ್ ನಂಬರು ಒತ್ತುವಾಗ ಆಸೆಗೆ ಬಿದ್ದು 3 ಒತ್ತಿದರೆ ಕೈಲಿದ್ದ ಸೀಟು ಹೋಯಿತು. ಮೇಲಿನದು ಬೇಕು, ಇದನ್ನೂ ಬಿಡಲಾರೆ ಎನ್ನುವವರಿಗೆ ಇರುವುದು 2. ಮಾಕ್ ಫಲಿತಾಂಶ ಮತ್ತು ನಿಜವಾದ ಹಂಚಿಕೆಯ ನಡುವೆ ಯಾವ ಆಪ್ಷನ್ ಮೇಲೆತ್ತಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಇನ್ನೂ ಒಂದು ವರ್ಷ ಪರೀಕ್ಷಿಸದೆ ಅದನ್ನು ಹೊರಗೆ ಹಾಕುವುದಿಲ್ಲ.

ಹಣದ ಕಾಲಂ ಪಟ್ಟಿಯ ಪಕ್ಕದಲ್ಲೇ ಇರಲಿ. ನೆನಪಿನಿಂದ ಹೇಳುವುದಾದರೆ ಸರ್ಕಾರಿ ಕಾಲೇಜಿನ ವರ್ಷದ ಶುಲ್ಕ 40 ಸಾವಿರದ ಆಚೀಚೆ, ಖಾಸಗಿಯ ಸಿಇಟಿ ಸೀಟು ಹತ್ತಿರಹತ್ತಿರ ಎರಡು ಪಟ್ಟು. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ (ಕಡಿಮೆ ಆದಾಯದವರಿಗಿರುವ ಹೆಚ್ಚುವರಿ ಸೀಟು) ಗುರುತು ಹಾಕುವುದನ್ನು ಮರೆಯಬೇಡಿ, ಅದರಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕ ಉಳಿಯುತ್ತದೆ. ದೂರದ ಊರಾದರೆ ರೂಮು, ಊಟಕ್ಕೆ ತಿಂಗಳಿಗೆ 5 ಸಾವಿರ ಸೇರಿಸಿ. ಹಾಸ್ಟೆಲ್ ಸಿಗದವರಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಹತ್ತು ತಿಂಗಳು ಸಹಾಯಧನ ಬರುತ್ತದೆ, ಆದರೆ ಅದು ಬರುವ ಹೊತ್ತಿಗೆ ವರ್ಷ ಮುಗಿಯುತ್ತಾ ಬಂದಿರುತ್ತದೆ, ನೆಚ್ಚಿ ಕೂರಬೇಡಿ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಎಂದು ಶಿವಮೊಗ್ಗಕ್ಕೆ ದಿನಾ ಓಡಾಡುವ ಲೆಕ್ಕ ಹಾಕುವವರಿದ್ದಾರೆ. ತೀರ್ಥಹಳ್ಳಿ ರೂಟಿನಲ್ಲಿ ಖಾಸಗಿ ಬಸ್ಸೇ ಹೆಚ್ಚು, ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ. ಪಾಸಿನ ದುಡ್ಡನ್ನು ಸೇರಿಸಿಯೇ ಬರೆಯಿರಿ.

ಅಡಿಕೆ ತೋಟದ ಮನೆಯ ಮಕ್ಕಳಿಗೆ ಕೃಷಿ ಕೋಟಾ ಬೇರೆಯೇ ದಾರಿ. ಶಿವಮೊಗ್ಗದ ನವಿಲೆಯ ಕೃಷಿ, ಮೂಡಿಗೆರೆಯ ತೋಟಗಾರಿಕೆ, ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಕಾಲೇಜು ಇದರಲ್ಲಿ ಬರುತ್ತವೆ. ಈ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಸಲಕರಣೆ, ಗೊಬ್ಬರ ಗುರುತಿಸಬೇಕು. ಮಲೆನಾಡಿನ ಮಕ್ಕಳು ಅಡಿಕೆ, ಏಲಕ್ಕಿ, ಕಾಳುಮೆಣಸು ಕಣ್ಣು ಮುಚ್ಚಿ ಹೇಳುತ್ತಾರೆ. ಸಜ್ಜೆ, ಹರಳು, ಕುಸುಬೆ ಮುಂದಿಟ್ಟರೆ ತಡವರಿಸುತ್ತಾರೆ. ಬಯಲುಸೀಮೆಯ ಸಂತೆಯಿಂದ ಒಂದೊಂದು ಹಿಡಿ ತಂದು ಸುಮಾರು 40 ಡಬ್ಬಿ ತುಂಬಿಟ್ಟಿದ್ದೇನೆ, ಮೇಲೆ ಹೆಸರಿಲ್ಲ, ಅಡಿಯಲ್ಲಿ ನಂಬರು ಮಾತ್ರ. ದಿನಕ್ಕೆ ಹತ್ತು ನಿಮಿಷ, ಒಂದು ವಾರ. ಖರ್ಚು 600 ರೂಪಾಯಿ ದಾಟಿಲ್ಲ. ಈ ಪಟ್ಟಿಯಷ್ಟೇ ಫಲ ಕೊಟ್ಟ ಪ್ರಯೋಗ ಇದು.

ಸಿಇಟಿ ಸೀಟು ಹಂಚಿಕೆ ಮುಗಿಯುವವರೆಗೆ ಡಿಗ್ರಿ ಕಾಲೇಜು ಕಾಯುವುದಿಲ್ಲ, ಆದ್ದರಿಂದ ಸಹ್ಯಾದ್ರಿ ಕಾಲೇಜಿಗೋ ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೋ ಮೊದಲೇ ಅರ್ಜಿ ಹಾಕಿಸುತ್ತೇನೆ. ಕುವೆಂಪು ವಿಶ್ವವಿದ್ಯಾಲಯ ಎಂದರೆ ಶಂಕರಘಟ್ಟಕ್ಕೇ ಹೋಗಬೇಕು ಎಂದುಕೊಳ್ಳುವ ಪೋಷಕರು ಈಗಲೂ ಸಿಗುತ್ತಾರೆ. ಅಲ್ಲಿರುವುದು ಮುಖ್ಯವಾಗಿ ಸ್ನಾತಕೋತ್ತರ, ಬಿಎಸ್ಸಿ ನಡೆಯುವುದು ಶಿವಮೊಗ್ಗದ ಸಹ್ಯಾದ್ರಿಯಲ್ಲಿ. ಅಡ್ಮಿಷನ್ ಹೊತ್ತಿಗೆ ಮೂಲ ಅಂಕಪಟ್ಟಿ, ಟಿಸಿ ಒಪ್ಪಿಸಿ ಆಮೇಲೆ ಸಿಇಟಿ ಸೀಟು ಬಂದಾಗ ಕಾಗದ ಬಿಡಿಸಿಕೊಳ್ಳಲು ಪೂರ್ತಿ ಶುಲ್ಕ ಕಟ್ಟಬೇಕಾಗಿ ಬಂದದ್ದುಂಟು, ಒಂದು ಖಾಸಗಿ ಕಾಲೇಜು ಒಬ್ಬನಿಂದ 18 ಸಾವಿರ ಕಟ್ಟಿಸಿಕೊಂಡಿತು. ವಾಪಸ್ ಕೊಡುವ ಮಾತನ್ನು ಬರೆಸಿಕೊಂಡೇ ಮೂಲ ಪ್ರತಿ ಕೊಡಿ.

ಕೊನೆಯದಾಗಿ ಗ್ರಾಮೀಣ ಪ್ರಮಾಣಪತ್ರ. ಹತ್ತು ವರ್ಷವೂ ಶಾಲೆ ಹಳ್ಳಿಯಲ್ಲೇ ಇರಬೇಕು. ಮನೆ ಆಗುಂಬೆಯಲ್ಲಿದ್ದು ಹೈಸ್ಕೂಲು ತೀರ್ಥಹಳ್ಳಿ ಪೇಟೆಯಲ್ಲಿ ಓದಿದ್ದರೆ ಆ ಕಾಲಂ ಇಲ್ಲ. ಮೂರು ಶಾಲೆ ಬದಲಾಗಿದ್ದರೆ ಮೂರರದ್ದೂ ಬೇಕು, ಬಿಇಒ ಮೇಲುಸಹಿ ಸಹಿತ. ಜೂನ್ ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಇರುವುದಿಲ್ಲ. ಸಹಿಗೆ ಏಪ್ರಿಲ್‌ನಲ್ಲೇ ಕಳಿಸಿ, ಹೆಸರಿನ ಸ್ಪೆಲಿಂಗನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಆರ್‌ಡಿ ನಂಬರು (ಪತ್ರದ ಗುರುತು ಸಂಖ್ಯೆ) ಇರುವ ಜಾತಿ ಆದಾಯ ಪತ್ರದಲ್ಲಿ ತಂದೆಯ ಇನಿಶಿಯಲ್ ಒಂದು ಹಿಂದೆಮುಂದಾಗಿ ಎರಡು ದಿನ ಸುತ್ತಿಸಿದೆ.