ಹಳೇ ಟ್ರಾಕ್ಟರ್ ನಿಜವಾಗ್ಲೂ ಅಪರೂಪದ್ದಾ, ಎಷ್ಟು ಬೆಲೆ ಬಾಳತ್ತೆ? ನೋಡೋದು ಹೀಗೆ

ಪುಣೆಯಲ್ಲಿರೋ ನಮ್ಮ ಕನ್ನಡದವರಲ್ಲಿ ಎಷ್ಟೋ ಮನೆಯವರ ಹೊಲ ಇನ್ನೂ ಜತ್ತ, ಅಕ್ಕಲಕೋಟ, ಅಥಣಿ, ಇಂಡಿ ಕಡೆನೇ ಇದೆ, ಅಲ್ಲಿ ಶೆಡ್ಡಲ್ಲಿ ಅಜ್ಜನ ಕಾಲದ ಟ್ರಾಕ್ಟರ್ ಒಂದು ಧೂಳು ತಿಂತಾ ನಿಂತಿರತ್ತೆ. ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ಕೇಳ್ತಾನೆ, ಮಾರನೇ ವಾರ ಇನ್ನೊಬ್ಬ ಬಂದು ಇದು ವಿಂಟೇಜ್, ಲಕ್ಷಗಟ್ಟಲೆ ಬರತ್ತೆ ಅಂತಾನೆ. ಇಬ್ಬರ ಮಾತೂ ಪಕ್ಕಕ್ಕಿಟ್ಟು ನೀವೇ ಹೋಗಿ ನೋಡಿ, ಅರ್ಧ ದಿನದ ಕೆಲಸ ಅಷ್ಟೇ.

ಹೋಗೋ ಮುಂಚೆ ಒಂದು ವಿಷಯ ತಲೇಲಿ ಇರಲಿ, ಅಪರೂಪ ಬೇರೆ, ಬೆಲೆ ಬೇರೆ. ಫರ್ಗ್ಯುಸನ್ ಟಿಇ-20 ಅನ್ನೋ ಬೂದು ಬಣ್ಣದ ಪುಟ್ಟ ಟ್ರಾಕ್ಟರ್ ತಗೊಳ್ಳಿ, 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 5 ಲಕ್ಷಕ್ಕೂ ಜಾಸ್ತಿ ಮಾಡಿದ್ರು, ಅಂದ್ರೆ ಅಪರೂಪ ಅಲ್ಲವೇ ಅಲ್ಲ. ಆದ್ರೂ ಅದನ್ನ ಹುಡುಕಿಕೊಂಡು ಬರೋರು ಇದಾರೆ, ಯಾಕಂದ್ರೆ ಹ್ಯಾರಿ ಫರ್ಗ್ಯುಸನ್ ಅದರಲ್ಲಿ ಕೂರಿಸಿದ ಮೂರು ಪಾಯಿಂಟಿನ ಲಿಂಕೇಜೇ, ಅಂದ್ರೆ ನೇಗಿಲು ಥರದ ಸಾಧನ ಸಿಕ್ಕಿಸಿ ಎತ್ತೋ ಜೋಡಣೆಯೇ, ಇವತ್ತಿನ ಪ್ರತಿ ಟ್ರಾಕ್ಟರ್ ಹಿಂದೆಯೂ ಇದೆ. ಉಲ್ಟಾ ಉದಾಹರಣೆ ಬೇಕಾದ್ರೆ ಅದರ ನಂತರದ 35 ಮಾಡೆಲ್ ನೋಡಿ. ಶುರುವಿನಲ್ಲಿ ಅದಕ್ಕೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಬರ್ತಿತ್ತು, ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಸತಾಯಿಸೋದು, 1959ರ ಹೊತ್ತಿಗೆ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರ್ ಎಂಜಿನ್ ಹಾಕಿದ್ರು. ಕಡಿಮೆ ಸಿಗೋದು ನಾಲ್ಕು ಸಿಲಿಂಡರಿಂದು, ಜನ ಕೇಳೋದು ಮೂರು ಸಿಲಿಂಡರಿಂದು.

ಈಗ ಟ್ರಾಕ್ಟರ್ ಹತ್ರ ಹೋಗೋಣ. ಮೊದಲು ನಂಬರ್ ಪ್ಲೇಟು, ರಸ್ತೆ ನಂಬರ್ ಅಲ್ಲ, ಕಂಪನಿಯವರು ಹೊಡೆದಿರೋ ಸೀರಿಯಲ್ ಪ್ಲೇಟು. ಫರ್ಗ್ಯುಸನ್‌ನಲ್ಲಿ ಅದು ಡ್ಯಾಶ್ ಮೇಲೆ ಇರತ್ತೆ, ಸೀರಿಯಲ್ ನಂಬರಿನ ಮೊದಲ ಅಕ್ಷರಗಳೇ ಎಂಜಿನ್ ಯಾವುದು ಅಂತ ಹೇಳ್ತವೆ: ಟಿಇಎ ಅಂದ್ರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್, ಟಿಇಡಿ ಸೀಮೆಎಣ್ಣೆ ಥರದ ಇಂಧನದ್ದು, ಟಿಇಎಫ್ ಡೀಸೆಲ್. ಇಂಟರ್‌ನ್ಯಾಷನಲ್ ಬಿ-275 ಸಿಕ್ಕರೆ ಪ್ಲೇಟನ್ನ ಬಟ್ಟೆಯಿಂದ ಒರೆಸಿ ನಿಧಾನಕ್ಕೆ ಓದಿ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ತಯಾರಾಗಿದ್ದ ಇದೇ ಮಾಡೆಲನ್ನ ಆಮೇಲೆ ಇಲ್ಲೇ ಮುಂಬೈಯ ಕಾಂದಿವಲಿಯಲ್ಲಿ ಮಾಡೋಕೆ ಶುರು ಮಾಡಿದ್ರು. ಮಹೀಂದ್ರಾ, ವೋಲ್ಟಾಸ್, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿ 1963ರಲ್ಲಿ ಕಂಪನಿ ಕಟ್ಟಿದ್ರು, ಆ ಮೊದಮೊದಲ ವರ್ಷಗಳ ಗಾಡಿ, ಇಂಟರ್‌ನ್ಯಾಷನಲ್ ಬ್ಯಾಡ್ಜ್ ಸಮೇತ, ನನ್ನ ಲೆಕ್ಕದಲ್ಲಿ ಮಹಾರಾಷ್ಟ್ರದಲ್ಲಿ ಇರೋರು ಕೂಡಿಡಲೇಬೇಕಾದ್ದು. ಪ್ಲೇಟು ಮಾತ್ರ ನೋಡಿ ಸುಮ್ಮನಾಗಬೇಡಿ, ರಿವೆಟ್ ಹೊಸದಾಗಿ ಹೊಳೀತಿದ್ರೆ ಅಥವಾ ರಿವೆಟ್ ಜಾಗದಲ್ಲಿ ಸ್ಕ್ರೂ ಇದ್ರೆ ಆ ಪ್ಲೇಟು ಬೇರೆ ಗಾಡಿಯಿಂದ ಬಂದಿರಬಹುದು. ಗೇರ್‌ಬಾಕ್ಸ್, ಆಕ್ಸಲ್, ಎಂಜಿನ್ ಬ್ಲಾಕ್ ಮೇಲೆ ಎರಕದಲ್ಲೇ ಮೂಡಿರೋ ನಂಬರ್‌ಗಳಿರ್ತವೆ, ಅವನ್ನೂ ಫೋಟೋ ತೆಗೀರಿ.

ಎರಡನೇದು, ಎಂಜಿನ್ ಅದರದ್ದೇನಾ? ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಮೋಸ ಆಗೋದು ಇಲ್ಲೇ, ಮಾರೋರು ಬೇಕಂತ ಮೋಸ ಮಾಡ್ತಾರೆ ಅಂತಲ್ಲ, ನಲವತ್ತು ಐವತ್ತು ವರ್ಷ ಕಬ್ಬು ಎಳೆದ ಗಾಡಿಗೆ ಎಂಜಿನ್ ಯಾವಾಗ ಬದಲಾಯ್ತು ಅಂತ ಮನೆಯವರಿಗೇ ನೆನಪಿರಲ್ಲ. ಐಶರ್ ವಿಷಯದಲ್ಲಿ ಪರೀಕ್ಷೆ ಸುಲಭ. ಜರ್ಮನಿಯ ಐಶರ್ ಜೊತೆ ಸೇರಿ ಫರೀದಾಬಾದಿನಲ್ಲಿ 1959ರ ಏಪ್ರಿಲ್ 24ಕ್ಕೆ ಹೊರಬಂದಿದ್ದು ಭಾರತದಲ್ಲಿ ತಯಾರಾದ ಮೊದಲ ಟ್ರಾಕ್ಟರ್, ಅದರ ಎಂಜಿನ್ ಗಾಳಿಯಿಂದ ತಣ್ಣಗಾಗೋದು. ಹಾಗಾಗಿ ಶುರುವಿನ ಕಾಲದ ಐಶರ್ ಅಂತ ಹೇಳಿ ಮುಂದೆ ರೇಡಿಯೇಟರ್ ನಿಲ್ಲಿಸಿದ್ರೆ ಎಂಜಿನ್ ಬದಲಾಗಿದೆ ಅಂತಾನೇ ಅರ್ಥ.

ಕಿರ್ಲೋಸ್ಕರ್ ಬಗ್ಗೆ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಪುಣೆ ಕನ್ನಡಿಗರಿಗೆ ಇದು ಮನೆ ವಿಷಯ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ರು. ಅದೇ ಮನೆತನದ ಉದ್ಯಮ 1970ರ ದಶಕದಲ್ಲಿ ಜರ್ಮನಿಯ ಡಾಯ್ಟ್ಸ್ ಸಹಯೋಗದಲ್ಲಿ ಟ್ರಾಕ್ಟರ್ ಮಾಡ್ತು, ಆದ್ರೆ ಬಹಳ ವರ್ಷ ನಡೀಲಿಲ್ಲ. ಕಡಿಮೆ ಕಾಲ ತಯಾರಾದ್ದು, ಊರಿನ ನಂಟು, ಎರಡೂ ಕೂಡಿರೋದ್ರಿಂದ ಪೂರ್ತಿ ಇರೋ ಒಂದು ಗಾಡಿ ಸಿಕ್ರೆ ಬಿಡಬೇಡಿ ಅಂತ ನಾನು ಹೇಳೋದು. ಆದ್ರೆ ಎಂಜಿನ್ ಮೇಲೆ ಕಿರ್ಲೋಸ್ಕರ್ ಅಂತ ಇದ್ದ ಮಾತ್ರಕ್ಕೆ ಅದು ಕಿರ್ಲೋಸ್ಕರ್ ಟ್ರಾಕ್ಟರ್ ಆಗಲ್ಲ, ಆ ಎಂಜಿನ್ ಬಾವಿ ಪಂಪಿನಿಂದ ಹಿಡಿದು ಜನರೇಟರ್‌ವರೆಗೆ ಎಲ್ಲಾ ಕಡೆ ಇದೆ, ಹಾಗಾಗಿ ಗೇರ್‌ಬಾಕ್ಸ್, ಬಾನೆಟ್, ಹಿಂದಿನ ಆಕ್ಸಲ್ ಎಲ್ಲಾ ನೋಡಿ.

ಬಣ್ಣ. ಹೊಸ ಪೇಂಟ್ ನೋಡಿ ಖುಷಿಪಡೋರೇ ಜಾಸ್ತಿ, ನನಗೆ ಹೊಸ ಪೇಂಟ್ ಕಂಡ್ರೆ ಅನುಮಾನ ಶುರುವಾಗತ್ತೆ, ಏನು ಮುಚ್ಚಿದಾರೆ ಅಂತ. ಬ್ಲಾಕಿನ ಬದಿಯಲ್ಲಿ ಬೆಸುಗೆಯ ಗೆರೆ ಇದೆಯಾ ಬೆರಳಾಡಿಸಿ ನೋಡಿ. ಟೂಲ್‌ಬಾಕ್ಸ್ ಕೆಳಗೆ, ಸೀಟಿನ ಅಡಿ, ಪ್ಲೇಟಿನ ಅಂಚಲ್ಲಿ ಉಗುರಿಂದ ಕೆರೆದ್ರೆ ಕೆಳಗಿನ ಪದರ ಕಾಣತ್ತೆ. 35 ಮಾಡೆಲ್ಲು 1956ರಲ್ಲಿ ಶುರುವಾದಾಗ ಬೂದು ಬಾನೆಟ್, ಚಿನ್ನದ ಬಣ್ಣದ ಎಂಜಿನ್ ಇರೋದು, ಕೆಂಪು ಬೂದು ಜೋಡಿ ಬಂದಿದ್ದು 1957ರ ಕೊನೆಗೆ. ಕೆಂಪು ಪೇಂಟಿನ ಅಡಿ ಆ ಚಿನ್ನದ ಬಣ್ಣ ಕಂಡ್ರೆ ನಿಮ್ಮ ಕೈಯಲ್ಲಿರೋದು ಮೊದಲ ಸರಣಿಯ ಗಾಡಿ, ದಯವಿಟ್ಟು ಅದನ್ನ ಮತ್ತೆ ಪಳಪಳ ಕೆಂಪು ಹೊಡೆಸಬೇಡಿ.

ಆಮೇಲೆ ಏನೇನು ಇಲ್ಲ ಅಂತ ಬರಕೊಳ್ಳಿ. ಪರ್ಕಿನ್ಸ್ ಎಂಜಿನ್ನಿಗೆ ಲೈನರ್, ಪಿಸ್ಟನ್ ಈಗಲೂ ಸಿಗತ್ತೆ, ಸಿಗದೇ ಇರೋದು ಮುಂದಿನ ಗ್ರಿಲ್, ಬ್ಯಾಡ್ಜ್, ಮೀಟರ್, ಸ್ಟೀರಿಂಗ್ ಚಕ್ರ, ಮಡ್‌ಗಾರ್ಡ್. ಪುಣೆಯ ಮಂಗಳವಾರ ಪೇಠೆಯ ಜುನಾ ಬಜಾರಿನಲ್ಲಿ, ಅಂದ್ರೆ ಹಳೇ ಸಾಮಾನಿನ ಸಂತೆಯಲ್ಲಿ, ಭಾನುವಾರ, ಬುಧವಾರ ಸುತ್ತಾಡಿದ್ರೆ ಮೀಟರ್, ಸ್ವಿಚ್ ಥರದ ಸಾಮಾನು ಸಿಕ್ಕರೂ ಸಿಗಬಹುದು, ಬಾನೆಟ್ ಮಾತ್ರ ಆಸೆ ಬಿಡಿ.

ಎಂಜಿನ್ ಚಾಲೂ ಮಾಡೋ ಮುಂಚೆ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ನೀವು ಬರೋ ಮುಂಚೆನೇ ಓಡಿಸಿದಾರೆ, ತಣ್ಣಗಾಗೋವರೆಗೆ ಚಹಾ ಕುಡೀರಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಕಪ್ಪು ಅಂದ್ರೆ ಡೀಸೆಲ್ ಜಾಸ್ತಿ ಹೋಗ್ತಿದೆ, ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ರೆ ನೀರು ಒಳಗೆ ಹೋಗ್ತಿರಬಹುದು, ಆಯಿಲ್ ಕಡ್ಡಿ ತೆಗೆದು ನೋಡಿ, ಹಾಲು ಬೆರೆಸಿದ ಚಹಾ ಥರ ಇದ್ರೆ ಅನುಮಾನ ಖಾತ್ರಿ. ಟಿಇ-20ಗೆ ಸ್ಟಾರ್ಟರ್ ಗುಂಡಿ ಹುಡುಕಬೇಡಿ, ಗೇರ್ ಲಿವರನ್ನೇ ಎಸ್ ಅಂತಿರೋ ಕಡೆ ತಳ್ಳಬೇಕು. ಹಾಗೇ ಅದರ ಹೈಡ್ರಾಲಿಕ್ ಪಂಪು ಪಿಟಿಒ, ಅಂದ್ರೆ ಹಿಂದೆ ಜೋಡಿಸಿದ ಯಂತ್ರಕ್ಕೆ ಎಂಜಿನ್ ಶಕ್ತಿ ಕೊಡೋ ಶಾಫ್ಟಿನಿಂದ ತಿರುಗೋದು, ಪಿಟಿಒ ಲಿವರ್ ಹಾಕಿರದಿದ್ರೆ ಹಿಂದಿನ ಲಿಫ್ಟ್ ತೋಳು ಏಳಲ್ಲ. ಎಷ್ಟೋ ಕಡೆ ಲಿಫ್ಟ್ ಕೆಟ್ಟಿದೆ ಅಂತ ಹೇಳೋ ಗಾಡಿಗೆ ಆ ಲಿವರ್ ಎಳೆದ್ರೆ ಸಾಕು. ಭಾರ ಎತ್ತಿಸಿ ಎಂಜಿನ್ ಆಫ್ ಮಾಡಿ, ತಟ್ಟನೆ ಕೆಳಗೆ ಬಿದ್ರೆ ಸೀಲು ಹೋಗಿದೆ.

ಬೆಲೆ ಕಟ್ಟೋದು ಕೆಳಗಿಂದ ಮೇಲಕ್ಕೆ. ತೂಕ ಗುಣಿಸು ಆವತ್ತಿನ ಗುಜರಿ ದರ, ಇದಕ್ಕಿಂತ ಕೆಳಗೆ ಯಾರೂ ಕೊಡಲ್ಲ. ಟಿಇ-20 ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ತೂಗತ್ತೆ, ಅದರಿಂದ ಅಂದಾಜು ಮಾಡಿ. ಅದರ ಮೇಲೆ ಓಡೋ ಸ್ಥಿತಿಯಲ್ಲಿ ಇದ್ರೆ ನಿಮ್ಮ ತಾಲೂಕಿನಲ್ಲಿ ಅಷ್ಟೇ ಎಚ್‌ಪಿಯ ಹಳೇ ಗಾಡಿ ಏನು ರೇಟಿಗೆ ಹೋಗ್ತಿದೆ ನೋಡಿ, ಅದರಲ್ಲಿ ಟೈರು, ಬ್ಯಾಟರಿ, ಪಂಪ್ ರಿಪೇರಿ ಖರ್ಚು ಕಳೀರಿ. ಇಷ್ಟಾದ ಮೇಲೇನೇ ಅಪರೂಪದ ಹೆಚ್ಚುವರಿ, ಅದೂ ಪ್ಲೇಟು, ಎಂಜಿನ್, ಬಾನೆಟ್ ಮಡ್‌ಗಾರ್ಡ್ ಥರದ ತಗಡು ಮೂರೂ ಒಂದೇ ಗಾಡಿಯದ್ದಾಗಿದ್ರೆ ಮಾತ್ರ. ಎಚ್‌ಎಂಟಿ ಟ್ರಾಕ್ಟರಿಗೆ ಈಗ ಕೆಲವರು ಭಾವನೆಯ ಬೆಲೆ ಕೇಳ್ತಾರೆ, 1971ರಲ್ಲಿ ಜೆಕ್ ದೇಶದ ಜೆಟರ್ ಕಂಪನಿ ಸಹಯೋಗದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಶುರುವಾಗಿ 2016ರಲ್ಲಿ ಮುಚ್ಚೋ ನಿರ್ಧಾರ ಆಯ್ತು, ನನಗೂ ಆ ಹೆಸರಿನ ಮೇಲೆ ತುಂಬಾ ಪ್ರೀತಿ, ಆದ್ರೆ ಹಳ್ಳಿಗಳಲ್ಲಿ ಅವು ಇನ್ನೂ ಸಾಕಷ್ಟು ಓಡ್ತಿವೆ, ಅದಕ್ಕೆ ಈಗಲೇ ವಿಂಟೇಜ್ ರೇಟ್ ಕೊಡೋದು ಬೇಡ.

ಕಾಗದ ಕೊನೇಲಿ ಹೇಳ್ತಿದೀನಿ ಅಂತ ಕೊನೇಲಿ ನೋಡಬೇಡಿ. ಆರ್‌ಸಿ ಇಲ್ಲದ ಗಾಡಿ ಅಂಗಳದಲ್ಲಿ ನಿಲ್ಲಿಸೋಕೆ ಮಾತ್ರ. 2021ರ ವಿಂಟೇಜ್ ನೋಂದಣಿ ನಿಯಮ ಐವತ್ತು ವರ್ಷ ದಾಟಿದ ಬೈಕು, ಕಾರಿಗೆ ಬಂದಿದ್ದು, ಟ್ರಾಕ್ಟರಿಗೂ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಿ ದುಡ್ಡು ಕೊಡಬೇಡಿ. ಹಳೇ ಟ್ರಾಕ್ಟರ್ ಬಹಳಷ್ಟು ಸಾಲದಲ್ಲೇ ತಗೊಂಡಿದ್ದು, ಸಾಲ ತೀರಿ ಎಷ್ಟೋ ವರ್ಷ ಆಗಿದ್ರೂ ಆರ್‌ಸಿ ಮೇಲೆ ಬ್ಯಾಂಕ್ ಹೆಸರು ಹಾಗೇ ಉಳಿದಿರತ್ತೆ, ಅದನ್ನ ತೆಗೆಸೋಕೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರ್ಮ್ 35 ಬೇಕು, ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ತರೋದಾದ್ರೆ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಹೆಸರು ಬದಲಾವಣೆಗೆ 29 ಮತ್ತು 30. ಅರವತ್ತರ ದಶಕದ ಗಾಡಿ ಅಂತ ಹೇಳಿ ಕೆಎ 28 ಥರದ ನಂಬರ್ ತೋರಿಸಿದ್ರೆ ಮತ್ತೆ ಯಾವಾಗ, ಯಾಕೆ ನೋಂದಣಿ ಆಯ್ತು ಅಂತ ಕೇಳಿ, ಆ ಸರಣಿ ಶುರುವಾಗಿದ್ದೇ 1989ರ ನಂತರ. ಅಡ್ವಾನ್ಸ್ ಕೊಡೋ ಮುಂಚೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡು ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ, ಒಂದು ಅಂಕಿ ತಪ್ಪಿದ್ರೂ ಅದು ಸರಿಯಾಗೋವರೆಗೆ ದುಡ್ಡು ಜೇಬಲ್ಲೇ ಇರಲಿ.