ಫಾರ್ಮ್ಯಾಟ್ ಮಾಡದೆ ಎದ್ದ ಉಬುಂಟು: ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ನನ್ನ ಅನುಭವ

ಲಿಬ್‌ಸಿ (ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಂ ಓಡಲು ಬೇಕಾದ ಮೂಲ ಲೈಬ್ರರಿ) ಹೋದ ಉಬುಂಟು ಲಿನಕ್ಸನ್ನು ಫಾರ್ಮ್ಯಾಟ್ ಮಾಡದೆ ಎಬ್ಬಿಸಬಹುದು. ಹುಬ್ಬಳ್ಳಿಯಲ್ಲಿ ನಮ್ಮದೇ ಕಂಪ್ಯೂಟರ್ ರಿಪೇರಿ ಲೈನಿನ ನಾಲ್ಕಾರು ಗೆಳೆಯರ ಮುಂದೆ ಈ ಮಾತು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ಅದರಾಗ ಟೈಮ್ ಯಾಕ್ ಹಾಳ್ ಮಾಡ್ತಿ, ಡೇಟಾ ತಕ್ಕೊಂಡು ಹೊಡದ್ ಹಾಕು" ಅಂದರು. ಆ ಮಷಿನ್ ಈಗ ಮೆಣಸಿನಕಾಯಿ ಸೀಸನ್ ಪೂರ್ತಿ ಓಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ಲೈವ್ ಯುಎಸ್‌ಬಿ (ಪೆನ್‌ಡ್ರೈವ್‌ನಿಂದಲೇ ಓಡುವ ಸಿಸ್ಟಂ), ಸಿಎಚ್‌ರೂಟ್ (ಬೇರೆ ಡಿಸ್ಕಿನ ಸಿಸ್ಟಂ ಒಳಗೆ ಹೊಕ್ಕು ಕೆಲಸ ಮಾಡುವುದು), ಡಿಪಿಕೆಜಿ (ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಗೊತ್ತಿದ್ದವರಿಗೆ ಈ ಬರಹ. ಅವುಗಳ ಪಾಠ ಇಲ್ಲಿಲ್ಲ.

ಮಷಿನ್ ಇದ್ದದ್ದು ಬ್ಯಾಡಗಿ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಉಬುಂಟು 22.04. ಅದರೊಳಗೆ ಒಂದು ಬಿಲ್ಲಿಂಗ್ ಪ್ರೋಗ್ರಾಂ. ಕಡ್ಡಿ, ಡಬ್ಬಿ ಅಂತ ಮೆಣಸಿನಕಾಯಿ ಲಾಟ್ ಬೇರೆ ಮಾಡುವುದು, ಚೀಲದ ಲೆಕ್ಕ, ಹಮಾಲಿ, ರೈತರಿಗೆ ಕೊಡುವ ಪಟ್ಟಿ, ಎಲ್ಲ ಅದರಲ್ಲೇ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಸೀರಿಯಲ್ ಕೇಬಲ್ ಬಂದು ಯುಎಸ್‌ಬಿ ಕನ್ವರ್ಟರ್ ಮೂಲಕ ಸೇರುತ್ತದೆ, ತೂಕ ನೇರ ಪರದೆಗೆ ಬೀಳುತ್ತದೆ. ಪ್ರೋಗ್ರಾಂ ಬರೆದವರು ಈ ಧಂದೆ ಬಿಟ್ಟು ವರ್ಷಗಳಾಗಿವೆ. ಇನ್‌ಸ್ಟಾಲರ್ ಯಾರ ಹತ್ತಿರವೂ ಇಲ್ಲ. ತಕ್ಕಡಿಯನ್ನು ಮಷಿನ್ ಗುರುತಿಸುವ ಯುಡೆವ್ ರೂಲ್ ಒಬ್ಬರು ಬರೆದದ್ದು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾರ್ಜಿನ್ ಇನ್ನೊಬ್ಬರು ಕೂಡಿಸಿದ್ದು, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಂಬಾ ಮತ್ತೊಬ್ಬರದು. ಯಾವುದು ಎಲ್ಲಿದೆ ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಡೇಟಾ ತೆಗೆದುಕೊಂಡು ಫಾರ್ಮ್ಯಾಟ್ ಮಾಡಿ ಅನ್ನುವವರು ಈ ಭಾಗ ನೋಡುವುದೇ ಇಲ್ಲ. ಡೇಟಾ ಉಳಿಸುವುದು ಸಣ್ಣ ಕೆಲಸ. ಮಷಿನ್ ಇದ್ದ ಹಾಗೇ ಉಳಿಸುವುದು ದೊಡ್ಡ ಕೆಲಸ.

ಆದದ್ದು ಇಷ್ಟು. ಸಾಹುಕಾರರ ತಂಗಿಯ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಹೊಸ ಪೈಥಾನ್ ಬೇಕಿತ್ತು. ಹಳೆಯದನ್ನು ತೆಗೆದು ಹೊಸದು ಹಾಕೋಣ ಅಂತ ಆಪ್ಟ್ ರಿಮೂವ್ ಪೈಥಾನ್3 ಕಮಾಂಡ್ ಕೊಟ್ಟಿದ್ದಾನೆ. ಆಪ್ಟ್ ಅಂದರೆ ಪ್ಯಾಕೇಜ್‌ಗಳನ್ನು ತರಿಸಿ ಹಾಕುವ, ತೆಗೆಯುವ ಪ್ರೋಗ್ರಾಂ. ಪೈಥಾನ್ ಜೊತೆ ಅದನ್ನೇ ನಂಬಿದ್ದ ಡೆಸ್ಕ್‌ಟಾಪ್, ನೆಟ್‌ವರ್ಕ್ ನೋಡುವ ನೆಟ್‌ಪ್ಲಾನ್, ಪ್ರಿಂಟರ್‌ನ ಎಚ್‌ಪಿಲಿಪ್ ಎಲ್ಲ ಹೋದವು. ಕಪ್ಪು ಪರದೆ ನೋಡಿ ಹೆದರಿ, ಮೊಬೈಲ್‌ನಲ್ಲಿ ಸಿಕ್ಕ ದಾರಿ ಹಿಡಿದು, ಡಿಪೆಂಡೆನ್ಸಿ ಜಗಳ ಬಿಡಿಸಲು ಹೋಗಿ ಡಿಪಿಕೆಜಿಗೆ ಫೋರ್ಸ್ ಕೊಟ್ಟು ಲಿಬ್‌ಸಿ6 ಅನ್ನೇ ತೆಗೆದಿದ್ದಾನೆ. ಅಲ್ಲಿಗೆ ಮುಗಿಯಿತು. ಫೈಲ್ ಹೆಸರು ತೋರಿಸುವ ಎಲ್ಎಸ್ ಕೂಡ ಓಡುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಕರ್ನಲ್ ಪ್ಯಾನಿಕ್.

ಹುಡುಗನನ್ನು ನಾನು ಬೈಯಲಿಲ್ಲ. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಉಬುಂಟು ಮೇಲೆ ಕಟ್ಟಿದ ಪಾಪ್ ಓಎಸ್‌ನಲ್ಲಿ ಗೇಮ್‌ಗಳ ಸ್ಟೀಮ್ ಪ್ರೋಗ್ರಾಂ ಹಾಕಲು ಹೋಗಿ ಡೆಸ್ಕ್‌ಟಾಪ್ ಪೂರ್ತಿ ಕಳೆದುಕೊಂಡದ್ದು ಜಗತ್ತೇ ನೋಡಿದೆ. ಅದಾದ ಮೇಲೆ ಆಪ್ಟ್ 2.3.12ರಲ್ಲಿ ಬಾಗಿಲು ಬಿಗಿ ಮಾಡಿದರು. "ಯೆಸ್, ಡೂ ಆ್ಯಸ್ ಐ ಸೇ" ಅಂತ ಟೈಪ್ ಮಾಡಿದರೂ ಎಸೆನ್ಷಿಯಲ್, ಅಂದರೆ ಸಿಸ್ಟಂಗೆ ಬೇಕೇ ಬೇಕಾದ ಪ್ಯಾಕೇಜ್ ತೆಗೆಯಲು ಈಗ ಸುಮ್ನೆ ಬಿಡುವುದಿಲ್ಲ. ಆದರೆ ಪೈಥಾನ್3 ಆ ಎಸೆನ್ಷಿಯಲ್ ಪಟ್ಟಿಯಲ್ಲೇ ಇಲ್ಲ! ಬರೀ ವೈ ಒತ್ತಿದರೆ ಸಾಕು, ಮನೆ ಖಾಲಿ. ಇನ್ನು ಡಿಪಿಕೆಜಿಗೆ ಫೋರ್ಸ್ ಕೊಟ್ಟವರನ್ನು ತಡೆಯುವವರು ಯಾರು?

ನನಗಿಂತ ಮೊದಲು ಬಂದವರು ಹೇಳಿದ ರೇಟು: ಫಾರ್ಮ್ಯಾಟ್ ಮತ್ತು ಡೇಟಾ ಕಾಪಿಗೆ ಎರಡೂವರೆ ಸಾವಿರ. ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹದಿನೆಂಟು ಸಾವಿರದ ಮೇಲೆ, ಮೇಲೆ ವರ್ಷಾವರ್ಷ ರಿನ್ಯೂವಲ್. ತಕ್ಕಡಿ ಕೂಡಿಸುವುದು ಬೇರೆ. ಸಾಹುಕಾರರು ನನ್ನನ್ನು ಕೇಳಿದ್ದು ಒಂದೇ ಮಾತು: "ಗುರುವಾರ ಟೆಂಡರ್ ಐತ್ರಿ. ಅಷ್ಟೊತ್ತಿಗೆ ಆಕ್ಕೈತೇನು?" ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರ್. ಸೀಸನ್‌ನಲ್ಲಿ ಆ ದಿನ ಕಂಪ್ಯೂಟರ್ ಕೈಕೊಟ್ಟರೆ ರೈತರು ಪಟ್ಟಿಗಾಗಿ ಕಾದು ಕೂಡಬೇಕಾಗುತ್ತದೆ. "ಆಕ್ಕೈತ್ರಿ ಯಜಮಾನ್ರ. ಆಗ್ಲಿಲ್ಲಂದ್ರ ರೊಕ್ಕ ಕೊಡಬ್ಯಾಡ್ರಿ" ಅಂದೆ.

ಮೊದಲು ಕ್ಯಾಬಿನೆಟ್ ಬಿಚ್ಚಿದೆ. ಎಸ್‌ಎಂಪಿಎಸ್ ಫ್ಯಾನಿನ ರೆಕ್ಕೆಗಳ ಅಂಚಿಗೆ ಕೆಂಪು ಪುಡಿ ಪದರ ಕಟ್ಟಿತ್ತು. ತಳದ ಮೂಲೆಯಲ್ಲಿ ಒಂದು ಚಿಟಿಕೆಯಷ್ಟು ಮೆಣಸಿನ ಬೀಜ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ, ಆದರೆ ಮೂಗಿಗೆ ಹೋದರೆ ಎಲ್ಲ ಒಂದೇ. ಅಂಗಡಿಯೊಳಗೆ ಬ್ಲೋವರ್ ಹಚ್ಚಲೇಬಾರದು. ಹೊರಗೆ ಕಟ್ಟೆಯ ಮೇಲೆ ಇಟ್ಟು, ಮುಖಕ್ಕೆ ಟವೆಲ್ ಕಟ್ಟಿ, ಪೇಂಟ್ ಬ್ರಷ್‌ನಿಂದ ಉದುರಿಸಿದೆ. ಸಾಟಾ ಕೇಬಲ್ ತುದಿಯನ್ನೂ ಒರೆಸಿದೆ. ಸ್ಮಾರ್ಟ್ ರಿಪೋರ್ಟ್ ನೋಡಿದೆ, ಎಸ್‌ಎಸ್‌ಡಿ ಗಟ್ಟಿ ಇತ್ತು. ಆಮೇಲೆ ಪೂರ್ತಿ ಡಿಸ್ಕ್‌ನ ಇಮೇಜ್ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಇಳಿಸಿದೆ. ಮುಕ್ಕಾಲು ಗಂಟೆ ಹಿಡಿದಿರಬೇಕು. ಈ ಇಮೇಜ್ ಇಲ್ಲದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ, ಗಿರಾಕಿ ಎಷ್ಟು ಅವಸರ ಮಾಡಿದರೂ ಅಷ್ಟೇ.

ಬ್ಯಾಗಿನಲ್ಲಿದ್ದದ್ದು ಉಬುಂಟುವಿನ ಮೂಲವಾದ ಡೆಬಿಯನ್ 11ರ ಲೈವ್ ಸ್ಟಿಕ್. ಅದರಿಂದ ಬೂಟ್ ಮಾಡಿ ಒಳಗಿನ ಡಿಸ್ಕ್ ಮೌಂಟ್ ಮಾಡಿದೆ. ಸಿಎಚ್‌ರೂಟ್ ಕೊಟ್ಟರೆ "ಬಿನ್ ಬ್ಯಾಶ್: ನೋ ಸಚ್ ಫೈಲ್" ಅನ್ನುತ್ತದೆ. ಬ್ಯಾಶ್ ಅಲ್ಲೇ ಕಣ್ಣೆದುರಿಗಿದೆ! ಇಲ್ಲದಿರುವುದು ಅದನ್ನು ಎತ್ತಿ ಓಡಿಸುವ ಲೋಡರ್, ಅಂದರೆ ಎಲ್‌ಡಿ-ಲಿನಕ್ಸ್. ಅದೂ ಲಿಬ್‌ಸಿ6 ಜೊತೆಗೇ ಹೋಗಿದೆ. ಈ ಮೆಸೇಜ್ ನೋಡಿಯೇ ತುಂಬಾ ಜನ "ಡಿಸ್ಕ್ ಹೋಗೇತಿ" ಅಂತ ಕೈ ಬಿಡುತ್ತಾರೆ.

ಸರಿ, ಸ್ಟಿಕ್‌ನಲ್ಲಿರುವ ಲಿಬ್‌ಸಿಯನ್ನೇ ತಾತ್ಪೂರ್ತಿಕವಾಗಿ ತೋರಿಸಿ ನೋಡೋಣ ಅಂತ ಮಾಡಿದೆ. ಆಗಲಿಲ್ಲ. ಡೆಬಿಯನ್ 11ರಲ್ಲಿ ಜಿಲಿಬ್‌ಸಿ (ಅಂದರೆ ಇದೇ ಲಿಬ್‌ಸಿ) 2.31, ಉಬುಂಟು 22.04ರಲ್ಲಿ 2.35. ಒಂದೊಂದು ಪ್ರೋಗ್ರಾಮೂ "ಜಿಲಿಬ್‌ಸಿ 2.34 ನಾಟ್ ಫೌಂಡ್" ಅಂತ ಕೂಗುತ್ತದೆ. ಹಾಗಾದರೆ ಉಬುಂಟುವಿನ ಡೆಬ್ (ಪ್ಯಾಕೇಜ್ ಫೈಲ್) ಇಳಿಸಿ ಬಿಚ್ಚೋಣ ಅಂದರೆ ಅಲ್ಲೂ ಗೋಡೆ. ಉಬುಂಟು 21.10ರಿಂದ ಡೆಬ್‌ಗಳನ್ನು ಝಡ್‌ಎಸ್‌ಟಿಡಿ ಅನ್ನುವ ಕಂಪ್ರೆಷನ್‌ನಲ್ಲಿ ಒತ್ತುತ್ತದೆ. ಡೆಬಿಯನ್ 11ರ ಡಿಪಿಕೆಜಿಗೆ ಅದು ಗೊತ್ತಿಲ್ಲ, "ಅನ್‌ನೋನ್ ಕಂಪ್ರೆಷನ್" ಅಂತ ಕೈ ಎತ್ತುತ್ತದೆ. ಆ ದಿನದ ಅರ್ಧ ಇದರಲ್ಲೇ ಹೋಯಿತು. ಪಕ್ಕದ ಅಂಗಡಿಯವರು ಬಂದು ನೋಡಿ "ಇನ್ನೂ ಆಗಿಲ್ಲೇನ್ರಿ?" ಅಂತ ಕೇಳಿ ಹೋಗುತ್ತಿದ್ದರು.

ಅದೇ ವರ್ಷನ್ನಿನ ಸ್ಟಿಕ್ಕೇ ಬೇಕು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. 22.04 ಡೆಸ್ಕ್‌ಟಾಪ್ ಐಎಸ್‌ಓ ನಾಲ್ಕೂವರೆ ಜಿಬಿ ಹತ್ತಿರ. ಮೊಬೈಲ್ ಡೇಟಾದಲ್ಲಿ ಆ ದಿನ ಅದು ಆಗದ ಮಾತು. ಸರ್ವರ್ ಐಎಸ್‌ಓ 2 ಜಿಬಿ ಆಸುಪಾಸು. ಅದನ್ನೇ ಇಳಿಸಿ, ನಾನೂರು ರೂಪಾಯಿಯ ಹೊಸ ಪೆನ್‌ಡ್ರೈವ್‌ಗೆ ಬರೆದೆ. ಇನ್‌ಸ್ಟಾಲ್ ಪರದೆ ಬಂದಾಗ ಏನೂ ಒತ್ತದೆ ಹೆಲ್ಪ್ ಮೆನುವಿನಿಂದ ಶೆಲ್‌ಗೆ ಹೋದರೆ ಸಾಕು. ನಮಗೆ ಬೇಕಾದ ಎಲ್ಲ ಅಲ್ಲಿದೆ. ಈಗ ನಾನು ಡೆಸ್ಕ್‌ಟಾಪ್ ಸ್ಟಿಕ್ ಒಯ್ಯುವುದನ್ನೇ ಬಿಟ್ಟಿದ್ದೇನೆ.

ಮುಖ್ಯ ಕೆಲಸ ಇಲ್ಲಿಂದ. ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು, ಲೈವ್ ಶೆಲ್‌ನಲ್ಲೇ ಆಪ್ಟ್ ಅಪ್‌ಡೇಟ್ ಮಾಡಿ, ಲಿಬ್‌ಸಿ6 ಡೆಬ್ ಡೌನ್‌ಲೋಡ್ ಮಾಡಿದೆ. ಮಷಿನ್‌ನಲ್ಲಿದ್ದದ್ದಕ್ಕಿಂತ ಒಂದು ಮೆಟ್ಟಿಲು ಹೊಸದಿದ್ದರೆ ನಡೆಯುತ್ತದೆ, ಹಳೆಯದು ಬೇಡ. ಇದನ್ನು ಟಾರ್‌ನಿಂದ (ಫೈಲ್‌ಗಳ ಗಂಟು ಕಟ್ಟುವ, ಬಿಚ್ಚುವ ಪ್ರೋಗ್ರಾಂ) ನೇರ ಬಿಚ್ಚಬಾರದು. 22.04ರಲ್ಲಿ ರೂಟ್‌ನ ಲಿಬ್ ಅನ್ನುವುದು ಯುಎಸ್‌ಆರ್ ಲಿಬ್‌ಗೆ ಸಿಮ್‌ಲಿಂಕ್, ಅಂದರೆ ಅತ್ತ ಕೈ ತೋರಿಸುವ ಗುರುತು ಅಷ್ಟೇ. ಡೆಬ್ ಒಳಗೆ ಮಾತ್ರ ಅದು ನಿಜವಾದ ಫೋಲ್ಡರ್. ಟಾರ್ ಸಿಮ್‌ಲಿಂಕ್ ಕಿತ್ತು ಅಲ್ಲಿ ಹೊಸ ಫೋಲ್ಡರ್ ಕೂಡಿಸುತ್ತದೆ. ಆಗ ಲಿಬ್ ಒಳಗೆ ಲಿಬ್‌ಸಿ ಒಂದೇ ಇರುತ್ತದೆ, ಸಿಸ್ಟಂಡಿ ಕಾಣುವುದಿಲ್ಲ, ಕರ್ನಲ್ ಮಾಡ್ಯೂಲ್ ಕಾಣುವುದಿಲ್ಲ. ಡಿಪಿಕೆಜಿ-ಡೆಬ್‌ಗೆ ಎಫ್‌ಸಿಸ್-ಟಾರ್‌ಫೈಲ್ ಕೊಟ್ಟು, ಪೈಪ್ ಮಾಡಿ, ಟಾರ್‌ಗೆ ಕೀಪ್-ಡೈರೆಕ್ಟರಿ-ಸಿಮ್‌ಲಿಂಕ್ ಹಚ್ಚಿ ಮೌಂಟ್ ಜಾಗಕ್ಕೆ ಬಿಚ್ಚಬೇಕು. ಈ ಒಂದು ಆಪ್ಷನ್ ಮೇಲೆ ಇಡೀ ಕೆಲಸ ನಿಂತಿದೆ. ಆಮೇಲೆ ಹೊರಗಿನಿಂದಲೇ, ಲೈಬ್ರರಿಗಳ ಪಟ್ಟಿ ಹೊಸದು ಮಾಡುವ ಎಲ್‌ಡಿಕಾನ್ಫಿಗ್‌ಗೆ ಆರ್ ಆಪ್ಷನ್ ಕೊಟ್ಟು ಒಮ್ಮೆ ಓಡಿಸಿದೆ. ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ಬೈಂಡ್ ಮಾಡಿದೆ. ರನ್ ಬಿಟ್ಟರೆ ಡಿಎನ್‌ಎಸ್ ಸಿಗುವುದಿಲ್ಲ, ರಿಸಾಲ್ವ್ ಕಾನ್ಫ್ ಅಲ್ಲಿಗೇ ಲಿಂಕ್. ಸಿಎಚ್‌ರೂಟ್ ಕೊಟ್ಟೆ. ಪ್ರಾಂಪ್ಟ್ ಬಂತು. ಎಲ್ಎಸ್ ಹೊಡೆದೆ, ಫೈಲುಗಳೆಲ್ಲ ಸಾಲಾಗಿ ಬಂದವು. ಆಗಿನ ಖುಷಿ ಈ ಕೆಲಸ ಮಾಡಿದವರಿಗೆ ಗೊತ್ತು!

ಒಳಗೆ ಹೋದ ಕೂಡಲೇ ಆಪ್ಟ್‌ಗೆ ಫಿಕ್ಸ್ ಮಾಡು ಅನ್ನಬೇಡಿ. ಲಿಬ್‌ಸಿ6 ಇನ್ನೂ ಲೆಕ್ಕದಲ್ಲಿ ಅರ್ಧಂಬರ್ಧ ಇರುತ್ತದೆ, ಆಪ್ಟ್ ಇನ್ನಷ್ಟು ಕೀಳಲು ಹೊರಡಬಹುದು. ಮೊದಲು ಅದೇ ಡೆಬ್ ಅನ್ನು ಡಿಪಿಕೆಜಿಯಿಂದ ಸರಿಯಾಗಿ ಹಾಕಿ, ಆಡಿಟ್ ನೋಡಿ, ಕಾನ್ಫಿಗರ್ ಮಾಡಿ. ಆಮೇಲೆ ಫಿಕ್ಸ್, ಅದೂ ಸಿಮ್ಯುಲೇಷನ್ ನೋಡಿದ ಮೇಲೆ. 101 ಕೊಡುವ ಪಾಲಿಸಿ-ಆರ್‌ಸಿ ಫೈಲ್ ಒಂದು ಇಟ್ಟೆ, ಕೆಲಸದ ನಡುವೆ ಸರ್ವೀಸ್‌ಗಳು ಏಳದಿರಲಿ ಅಂತ.

ಹೋದ ಪ್ಯಾಕೇಜ್‌ಗಳ ಪಟ್ಟಿಯನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಮಷಿನ್ ಇಟ್ಟುಕೊಂಡಿರುತ್ತದೆ. ಆಪ್ಟ್‌ನ ಹಿಸ್ಟರಿ ಲಾಗ್‌ನಲ್ಲಿ ದಿನ, ವೇಳೆ, ಕೊಟ್ಟ ಕಮಾಂಡ್, ಅದರ ಕೆಳಗೆ ರಿಮೂವ್ ಅಂತ ಉದ್ದ ಸಾಲು. ನೂರೈವತ್ತರ ಮೇಲೆ ಹೆಸರುಗಳಿದ್ದವು. ಸಾಲಿನ ಮೊದಲ ಪದ ರಿಮೂವ್ ಇದೆಯೋ ಪರ್ಜ್ ಇದೆಯೋ ನೋಡಿ. ರಿಮೂವ್ ಆಗಿದ್ದರೆ ಇಟಿಸಿ ಒಳಗಿನ ಸೆಟ್ಟಿಂಗ್ ಉಳಿದಿರುತ್ತದೆ. ಇಲ್ಲಿ ರಿಮೂವ್ ಇತ್ತು, ಬಚಾವ್. ಡೇಟಾಬೇಸ್ ಪ್ರೋಗ್ರಾಂ ಆದ ಮರಿಯಾಡಿಬಿ ಆ ಸಾಲಿನಲ್ಲೇ ಇರಲಿಲ್ಲ.

ಆ ಸಾಲಿನಿಂದ ವರ್ಷನ್, ಕಂಸ, ಅಲ್ಪವಿರಾಮ ಎಲ್ಲ ಕಿತ್ತು ಬರೀ ಹೆಸರು ಉಳಿಸುವ ಸೆಡ್ (ಅಕ್ಷರಸಾಲು ತಿದ್ದುವ ಸಾಧನ) ಸಾಲು ನನ್ನದು ಒಂದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಹಾಕುವುದಿಲ್ಲ. ನೀವೇ ಕೂತರೆ ಅರ್ಧ ಗಂಟೆಯಲ್ಲಿ ಬರುತ್ತದೆ. ಪಟ್ಟಿಯನ್ನು ಆಪ್ಟ್‌ಗೆ ಕೊಟ್ಟಾಗ ಒಂದೆರಡು ಹೆಸರು ಸಿಗಲಿಲ್ಲ. ಹಿಂದೆ ಯಾರೋ ಕೈಯಿಂದ ಹಾಕಿದ್ದ ಡೆಬ್‌ಗಳು ಅವು. ಒಂದು ಸಿಗದಿದ್ದರೂ ಆಪ್ಟ್ ಇಡೀ ಪಟ್ಟಿ ನಿಲ್ಲಿಸುತ್ತದೆ. ಅವನ್ನು ಬೇರೆ ಮಾಡಿ ಮತ್ತೆ ಕೊಟ್ಟೆ. ಮುನ್ನೂರೈವತ್ತು, ನಾನೂರು ಎಂಬಿ ಇಳಿಯಿತು. ಕೊನೆಗೆ ಬೂಟ್ ಆಗಲು ಬೇಕಾದ ಇನಿಟ್‌ರಾಮ್‌ಎಫ್‌ಎಸ್, ಗ್ರಬ್ ಅಪ್‌ಡೇಟ್ ಮಾಡಿ ಪಾಲಿಸಿ ಫೈಲ್ ತೆಗೆದೆ.

ರೀಬೂಟ್. ಲಾಗಿನ್ ಪರದೆ ಬಂತು. ಹಳೆಯ ಐಪಿ ಹಾಗೇ ಇತ್ತು, ಸಾಂಬಾ ಎದ್ದಿತ್ತು. ಸಾಹುಕಾರರು ತಕ್ಕಡಿ ಮೇಲೆ ಒಂದು ಚೀಲ ಇಡಿಸಿದರು. ಪರದೆ ಮೇಲೆ ತೂಕ ಬಿತ್ತು. ಗುರುವಾರದ ಟೆಂಡರ್‌ಗೆ ಪಟ್ಟಿಗಳು ಅದೇ ಪ್ರಿಂಟರ್‌ನಿಂದ, ಅದೇ ಮಾರ್ಜಿನ್‌ನಲ್ಲಿ ಹೊರಬಂದವು. ನಾನು ತೆಗೆದುಕೊಂಡದ್ದು ಮೂರೂವರೆ ಸಾವಿರ, ಬಸ್ ಚಾರ್ಜು, ಪೆನ್‌ಡ್ರೈವ್ ಸೇರಿ. ಮೇಲೆ ಎರಡು ಕೆಜಿ ಡಬ್ಬಿ ಮೆಣಸಿನಕಾಯಿ ಕಟ್ಟಿ ಕೊಟ್ಟರು. ಹೊಡೆದು ಹಾಕು ಅಂದ ಗೆಳೆಯರಲ್ಲಿ ಇಬ್ಬರು ಆಮೇಲೆ ಇಂಥದ್ದೇ ಕೇಸ್ ನನಗೆ ಕಳಿಸಿದ್ದಾರೆ.

ಮನೆಗೆ ಬಂದು ಆ ಇಮೇಜ್ ಅನ್ನು ವರ್ಚುವಲ್ ಮಷಿನ್‌ನಲ್ಲಿ ಹಾಕಿ ಇನ್ನೂ ಕೆಲವು ಪ್ರಯೋಗ ಮಾಡಿದೆ. ಸಿಮ್‌ಲಿಂಕ್ ಆಪ್ಷನ್ ಬಿಟ್ಟು ಬಿಚ್ಚಿ ನೋಡಿದೆ, ಹೇಳಿದಂತೆಯೇ ಆಯಿತು: ಎಸ್‌ಬಿನ್ ಇನಿಟ್ ತೋರಿಸುವ ಜಾಗವೇ ಇಲ್ಲ. ಫೈಲುಗಳನ್ನು ಯುಎಸ್‌ಆರ್ ಲಿಬ್‌ಗೆ ಸರಿಸಿ ಲಿಂಕ್ ಮತ್ತೆ ಕಟ್ಟಿದರೆ ಸರಿಹೋಗುತ್ತದೆ. ಇನ್ನೊಂದು: ಲಿಬ್‌ಸಿ ಹೋದ ಕ್ಷಣದಲ್ಲಿ ರೂಟ್ ಟರ್ಮಿನಲ್ ತೆರೆದೇ ಇದ್ದರೆ ಆಫ್ ಮಾಡದೆ ಎಷ್ಟು ಮಾಡಬಹುದು? ಓಡುತ್ತಿರುವ ಬ್ಯಾಶ್ ಸಾಯುವುದಿಲ್ಲ. ಎಲ್ಎಸ್ ಬದಲು ಎಕೋ ಸ್ಟಾರ್ ಕೊಟ್ಟರೆ ಫೈಲ್ ಹೆಸರು ಬರುತ್ತವೆ. ಸುಡೊ ಮಾತ್ರ ಏಳುವುದಿಲ್ಲ. ಲಿಬ್‌ಸಿ ಇಲ್ಲದೆಯೂ ಓಡುವ ಸ್ಟ್ಯಾಟಿಕ್ ಬಿಝಿಬಾಕ್ಸ್ ಇದ್ದರೆ ಕಾಪಿ, ಟಾರ್ ಎಲ್ಲ ನಡೆಯುತ್ತದೆ. ಆದರೆ 22.04ರ ಬಿಝಿಬಾಕ್ಸ್‌ಗೆ ಝಡ್‌ಎಸ್‌ಟಿಡಿ ಬಿಚ್ಚಲು ಬರುವುದಿಲ್ಲ. ಬೇರೆ ಮಷಿನ್‌ನಲ್ಲಿ ಬಿಚ್ಚಿ, ಸಾದಾ ಟಾರ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೆ ರೀಬೂಟ್ ಇಲ್ಲದೆಯೇ ಎಬ್ಬಿಸಬಹುದು. ನನ್ನ ಬ್ಯಾಗಿನಲ್ಲಿ ಈಗ 22.04 ಮತ್ತು 24.04ರದ್ದು ಅಂಥ ಟಾರ್ ಒಂದೊಂದು ಇರುತ್ತವೆ.

ಪಟ್ಟಿಯಿಂದ ಹಾಕಿದ ಪ್ಯಾಕೇಜ್‌ಗಳೆಲ್ಲ ಮ್ಯಾನ್ಯುಯಲ್ (ನಾವೇ ಕೇಳಿ ಹಾಕಿದ್ದು) ಅಂತ ಗುರುತಾಗುತ್ತವೆ. ಹಾಗೇ ಬಿಟ್ಟರೆ ಮುಂದೆ ಆಟೊರಿಮೂವ್ ಅವುಗಳಲ್ಲಿ ಏನನ್ನೂ ಗುಡಿಸುವುದಿಲ್ಲ. ಹಳೆಯ ಗುರುತುಗಳು ವರ್ ಬ್ಯಾಕಪ್ಸ್ ಫೋಲ್ಡರಿನಲ್ಲಿ ಸಿಗುತ್ತವೆ, ಅವನ್ನು ಕೂಡಿಸುವ ರೀತಿ ಸದ್ಯ ನನ್ನ ಹತ್ತಿರವೇ ಇರಲಿ. ಇನ್ನು ಹಿಸ್ಟರಿ ಲಾಗ್ ಖಾಲಿ ಕಂಡರೆ ಗಾಬರಿ ಬೇಡ. ಅದು ತಿಂಗಳಿಗೊಮ್ಮೆ ಸುತ್ತುತ್ತದೆ. ಪಕ್ಕದಲ್ಲೇ ಒಂದು, ಎರಡು ಅಂತ ನಂಬರ್ ಇರುವ ಜಿಝಿಪ್ ಫೈಲುಗಳಿರುತ್ತವೆ, ಝಡ್‌ಕ್ಯಾಟ್‌ನಿಂದ ಓದಿಕೊಳ್ಳಿ.